ಬೀಜಕ್ಕೆ ಹೊದಿಸಿದ ಕಂಬಳಿ

ಅತ್ತೆಗೆ ವಾಸನೆ ತಿಳಿಯುವುದಿಲ್ಲ. ಅದೊಂದು ಜ್ವರ ಬಂದು ಹೋಗುವಾಗ ಅವರ ಮೂಗನ್ನೂ ಕೊಂಡೊಯ್ದಿತು, ಎದುರಿಗೇ ಅನ್ನ ಸೀದರೂ ಗೊತ್ತಾಗುವುದಿಲ್ಲ, ನನ್ನ ಮೂಗು ನೆಟ್ಟಗಿದೆ, ಅಡುಗೆಮನೆಯ ಬಾಗಿಲಲ್ಲೇ ಬಡಿಯಿತು — ಹುಳಿ, ಬಿಸಿ, ಹಳಸಿದ ಗಂಜಿಯ ಹಾಗೆ — ಒಲೆಯ ಗೋಡೆಗೆ ಒರಗಿಸಿದ ಮೂರು ಗೋಣಿಚೀಲ, ನೆನೆಸಿ, ನೀರು ಬಸಿದು, ಮೊಳಕೆಗೆ ಕಟ್ಟಿಟ್ಟ ಬಿತ್ತನೆ ಭತ್ತ, ನಡುವಿನದರ ಮೇಲೆ ಇದೇನು, ಅತ್ತೆಯ ಕಂಬಳಿ, ಮಗುವಿಗೆ ಹೊದಿಸಿದ ಹಾಗೆ ಅಂಚನ್ನೆಲ್ಲ ಅಡಿಗೆ ಸಿಕ್ಕಿಸಿದ್ದಾರೆ, ನಿನ್ನೆ ಇಡೀ ದಿನ ನಾನು ಸಸಿಮಡಿಯ ಕೆಸರಿನಲ್ಲಿದ್ದೆ, ಬಂದು ಬಿದ್ದುಕೊಂಡವಳಿಗೆ ಎಚ್ಚರವೇ ಇಲ್ಲ. ಏನ್ ಅತ್ತೆ ಇದು? ಥಂಡಿ ಕಣೇ, ಅದಕ್ಕೂ ಜೀವ ಇಲ್ವಾ? ಇದೆ ಅತ್ತೆ, ಅದಕ್ಕೇ ಬೇಯುತ್ತೆ. ಮೊಳೆಯುವ ಭತ್ತ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಮೇಲೆ ಒಂದಿಷ್ಟು ಹುಲ್ಲು ಸಾಕು, ಗಾಳಿಯಾಡದಂತೆ ಮುಚ್ಚಿದರೆ ಒಳಗೊಳಗೇ ಸತ್ತುಹೋಗುತ್ತದೆ, ಇದನ್ನು ಕಲಿಸಿದ್ದೇ ಅವರು, ನಾನು ಬಂದ ಹೊಸತು, ಚೀಲದೊಳಗೆ ಕಿವಿಯವರೆಗೆ ಮುಖ ತೂರಿಸಿ ಮೂಸುತ್ತ, ಸಿಹಿ ಬಂದ್ರೆ ಸರಿ, ಹುಳಿ ಬಂದ್ರೆ ಕೆಟ್ವಿ ಅಂತ ತಿಳ್ಕೋ, ತಲೆ ಎತ್ತಿದರೆ ಮೂಗಿನ ತುದಿಗೆ ಒಂದು ಭತ್ತ ಅಂಟಿದೆ, ಬಿಳಿ ಮೊಳಕೆ ಚಾಚಿಕೊಂಡು, ಹೊಸ ಸೊಸೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ.

ಕಳೆದ ಸಲ ಥಂಡಿಗೆ ಅರ್ಧ ಬೀಜ ಮೊಳೆಯಲೇ ಇಲ್ಲ, ಬೇರೆ ಬೀಜ ಯಾರ ಮನೆಯಲ್ಲೂ ಇರಲಿಲ್ಲ, ಅರ್ಧ ಗದ್ದೆ ಬರಿದು, ಆಮೇಲೆ ಗಂಜಿಯಲ್ಲಿ ಅಕ್ಕಿಯನ್ನು ಹುಡುಕಬೇಕು, ಅಂಗಡಿಯವನು ಅಕ್ಕಿ ಬಂದಿಲ್ಲ ಹೋಗಮ್ಮಾ ಎನ್ನುತ್ತಾನೆ, ತಿರುಗಿ ನೋಡಿದರೆ ಸಾಲು ಬೀದಿಯ ಕೊನೆಯವರೆಗೆ. ಆಗಲೂ ಈ ಬೀಜವನ್ನು ಯಾರೂ ಮುಟ್ಟಲಿಲ್ಲ, ಅತ್ತೆ ಇದರ ಮೇಲೇ ತಲೆಯಿಟ್ಟು ಮಲಗುತ್ತಿದ್ದರು, ಅಮ್ಮಾ, ಇದನ್ನೇ ಮದುವೆ ಮಾಡ್ಕೋ ಎಂದು ನನ್ನವರು, ನಿಮ್ಮಪ್ಪನಿಗಿಂತ ವಾಸಿ ಕಣೋ, ಗೊರಕೆ ಹೊಡೆಯಲ್ಲ. ಮೂರೂ ಹೋಗಿದ್ದರೆ — ಬೇಡ, ಮೊದಲು ಕೈ ಹಾಕು.

ನಡುವಿನ ಚೀಲ, ಮೊಣಕೈವರೆಗೆ, ಸುಡುತ್ತದೆ, ಲೋಳೆ, ಹಿಸುಕಿದರೆ ಕಾಳು ಬೆರಳಿಗೆ ಮೆತ್ತುತ್ತದೆ, ಮುಗಿಯಿತು. ಎಡದ್ದು, ತಡಿ — ಬೆಚ್ಚಗಿದೆ, ಮೈಯಷ್ಟೇ ಬೆಚ್ಚಗೆ, ಸಣ್ಣಗೆ ಚುಚ್ಚುತ್ತಿದೆ, ಮೊಳಕೆ, ಬಲದ್ದು, ಅದೂ, ಅಬ್ಬಾ, ನೆಲದ ಮೇಲೇ ಕುಳಿತೆ. ಮನೆಯಲ್ಲಿ ಅತ್ತೆಗಿದ್ದದ್ದು ಒಂದೇ ಕಂಬಳಿ, ಮೂರಿದ್ದಿದ್ದರೆ ಮೂರಕ್ಕೂ ಹೊದಿಸಿಬಿಡುತ್ತಿದ್ದರು ಮಹಾತಾಯಿ, ಇಲ್ಲದ್ದೇ ಕಾಪಾಡಿತು, ರಾತ್ರಿಯೆಲ್ಲ ನಡುಗಿದ್ದಾರೆ, ತುಟಿ ಇನ್ನೂ ಒಡೆದುಕೊಂಡಿದೆ. ಎರಡು ಸಾಕು, ಸಸಿಯನ್ನು ದೂರ ದೂರ ನೆಟ್ಟರೆ ಗದ್ದೆ ತುಂಬುತ್ತದೆ, ಮೂಲೆಯೊಂದು ಉಳಿದರೆ ಉಳಿಯಲಿ, ಈ ಸಲ ಅನ್ನ, ತಟ್ಟೆಯಲ್ಲಿ ಹರಿಯದ ಅನ್ನ. ಯಾಕೇ ನಗ್ತೀಯ, ತಲೆ ಕೆಟ್ಟಿದೆಯಾ? ಇಲ್ಲ ಅತ್ತೆ. ಸರಿ, ಏಳು, ನಾನೂ ನೋಡ್ತೀನಿ, ಬಲದ ಚೀಲದೊಳಗೆ ಮುಖ ತೂರಿಸುತ್ತಾರೆ, ಮೂಸುತ್ತಾರೆ, ಏನೂ ತಿಳಿಯದ ಮೂಗಿನಿಂದ ಎಷ್ಟು ಜೋರಾಗಿ ಮೂಸುತ್ತಾರೆ, ತಲೆ ಎತ್ತುತ್ತಾರೆ, ಹೇಗಿದೆಯೇ? ಸಿಹಿ ಅತ್ತೆ. ಆ ನಡುವಿಂದು? — ಮೂಗಿನ ತುದಿಗೆ ಭತ್ತ ಅಂಟಿದೆ, ಅವರಿಗೆ ಗೊತ್ತಿಲ್ಲ, ಒರೆಸಲು ನನ್ನ ಕೈ ಏಳುತ್ತಿಲ್ಲ, ಬಿಳಿ ಮೊಳಕೆ, ಮೂಗಿನ ತುದಿಯಲ್ಲಿ ಬಿಳಿ ಮೊಳಕೆ.

ಹೋದದ್ದು ಒಂದು ಚೀಲ.