ಅತ್ತೆ ನೆಟ್ಟ ಕಡ್ಡಿಗಳು

ಶವಪೆಟ್ಟಿಗೆ ಹೊರತರಲು ಹಿತ್ತಿಲ ಓಣಿ ಸಾಲದೆ, ಸೊಸೆ ಎಣ್ಣೆಡಬ್ಬಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒತ್ತಿಡುತ್ತಿದ್ದಳು. ಡಬ್ಬಗಳಲ್ಲಿ ಒದ್ದೆ ಮರಳು, ಮರಳಿನಲ್ಲಿ ಗುಲಾಬಿ ಕಡ್ಡಿಗಳು. ಪೆಟ್ಟಿಗೆಯಲ್ಲಿದ್ದ ಅತ್ತೆ ಕಳೆದ ವಾರವಷ್ಟೇ ಅವನ್ನು ನೆಟ್ಟಿದ್ದಳು.

"ಎಸೆದ್ಬಿಡು ಆಚೆ. ಬರೀ ಕಡ್ಡಿ ತಾನೆ?" ಅತ್ತೆಯ ತಂಗಿ ಬಾಗಿಲಲ್ಲಿ ನಿಂತಿದ್ದಳು.

"ಇನ್ನೂ ಚಿಗುರಿಲ್ಲ, ಅಷ್ಟೆ."

"ನೀನ್ಯಾಕೆ ಹೊರ್ತೀಯ? ಮನೆಯವ್ರು ಮಾಡ್ತಾರೆ ಬಿಡು." ಮುದುಕಿ ದನಿ ತಗ್ಗಿಸಿದಳು. "ತಪ್ಪು ತಿಳ್ಕೋಬೇಡ. ಈಗ ನೀನು ಇವಳಿಗೆ ಏನಾಗ್ಬೇಕು, ಹೇಳು?"

ಸೊಸೆ ಮುಂದಿನ ಡಬ್ಬಕ್ಕೆ ಬಾಗಿದಳು. ಬೇಸರವಾಗಲಿಲ್ಲ. ಬೆಳಗಿನಿಂದ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಅವಳ ಎರಡನೇ ಗಂಡ, ಎಲೆಕ್ಟ್ರಿಷಿಯನ್, ಬಂದು ಇನ್ನೊಂದು ಡಬ್ಬ ಎತ್ತಿಕೊಂಡ.

*

ಮೊದಲ ಗಂಡ ಅತ್ತೆಯ ಒಬ್ಬನೇ ಮಗ. ಅವನು ಲಾರಿ ಗುದ್ದಿ ಸತ್ತ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆ ಇಸ್ತ್ರಿ ಮಾಡಿ ಬಂದು ಸಂಜೆ ಹಿತ್ತಿಲಲ್ಲಿ ಕೂರುತ್ತಿದ್ದಳು. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಬುಡದ ಎಲೆ ತೆಗೆದು, ಮೊಗ್ಗಿದ್ದರೆ ಅದನ್ನೂ ಚಿವುಟಿ, ಮರಳಿಗೆ ಊರಿ, ಬುಡದ ಸುತ್ತ ಎರಡೂ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಮಗನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಸೊಸೆ ನೆಟ್ಟ ಕಡ್ಡಿಗಳನ್ನು ಮತ್ತೆ ಮತ್ತೆ ಕಿತ್ತು ನೋಡುತ್ತಿದ್ದಳು. ಒಂದು ಸಂಜೆ ಅತ್ತೆ ಅವಳ ಕೈ ಹಿಡಿದಳು.

"ದಿನಾ ಎಳೆದು ನೋಡಿದ್ರೆ ಹೇಗೆ ಬೇರು ಬಿಡುತ್ತೆ?"

"ಬಿಡದೇ ಹೋದ್ರೆ?"

"ಹೋದ್ರೆ ಹೋಯ್ತು. ಇನ್ನೊಂದು ನೆಟ್ರಾಯ್ತು." ಕತ್ತರಿ ಒರೆಸುತ್ತಾ ಅಂದಳು: "ಲಾಂಡ್ರಿಗೆ ವೈರಿಂಗ್ ರಿಪೇರಿಗೆ ಒಬ್ಬ ಬರ್ತಾನೆ. ಮಾತು ಕಮ್ಮಿ, ಕೆಲಸ ಚೊಕ್ಕ. ಒಂದ್ಸಲ ಊಟಕ್ಕೆ ಕರೀಲಾ?"

ಸೊಸೆ ಸಿಟ್ಟಿನಿಂದ ಒಳಗೆ ಹೋದಳು. ಎಷ್ಟೋ ದಿನ ಮಾತು ಬಿಟ್ಟಳು. ಆಮೇಲೊಮ್ಮೆ ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ, "ಕರೀರಿ" ಅಂದಳು.

ಮದುವೆಗೆ ಬಂಧುಗಳು ಯಾರೂ ಬರಲಿಲ್ಲ, ಅತ್ತೆಯ ತಂಗಿಯೂ. ಮದುಮಗಳ ಬಟ್ಟೆ ಇಸ್ತ್ರಿ ಮಾಡಿದವಳು ಅತ್ತೆಯೇ.

*

ಪೆಟ್ಟಿಗೆ ಗುಂಡಿಗಿಳಿಯಿತು. ಗುಂಡಿ ತೋಡಿದವನು ಸಲಿಕೆಗೆ ಒರಗಿ ಕೇಳಿದ, "ಮಕ್ಕಳು ಯಾರಿದೀರಿ? ಮೊದಲು ನೀವು ಮಣ್ಣು ಹಾಕಿ."

ಯಾರೂ ಮುಂದೆ ಬರಲಿಲ್ಲ. ಅತ್ತೆಯ ತಂಗಿ ಅತ್ತಿತ್ತ ನೋಡಿದಳು. ಕೊನೆಗೆ ಸೊಸೆಯ ಬೆನ್ನು ಮುಟ್ಟಿದಳು.

"ಹೋಗು. ನೀನೇ ಹೋಗು."

ಸೊಸೆ ಹಿಡಿ ಮಣ್ಣು ಹಾಕಿದಳು. ಉಳಿದವರೂ ಹಾಕಿದರು. ಗುಂಡಿ ತುಂಬಿತು, ಜನ ಗೇಟಿನತ್ತ ಹೊರಟರು. ಅವಳು ಮಾತ್ರ ಮಂಡಿಯೂರಿ, ಸಡಿಲ ಮಣ್ಣನ್ನು ಎರಡೂ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಒತ್ತತೊಡಗಿದಳು.

"ಬಿಡಿ ಅಮ್ಮಾ, ಅದು ತಾನಾಗೇ ಕೂರುತ್ತೆ," ಅಂದ ಗುಂಡಿ ತೋಡಿದವನು.

ಅವಳು ಒತ್ತುತ್ತಲೇ ಇದ್ದಳು. ಗಂಡ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ.