ಮುಳ್ಳು ನಿಲ್ಲದ ಮನೆ

ನನ್ನ ಗಂಡ ತೂಕದ ಯಂತ್ರಗಳ ರಿಪೇರಿ ಮಾಡುವವರು. ಬೀದಿ ಕಡೆಯ ಕೋಣೆಯೇ ಅವರ ಅಂಗಡಿ. ಅಡುಗೆಮನೆಯಿಂದ ಹೊರಗೆ ಹೋಗಬೇಕಾದರೆ ತರಕಾರಿಯವರ ತಕ್ಕಡಿ, ಗೋದಾಮಿನ ಹಲಗೆ ಯಂತ್ರ, ಔಷಧಿ ಅಂಗಡಿಯ ಆಳೆತ್ತರದ ಯಂತ್ರ ಎಲ್ಲವನ್ನೂ ದಾಟಬೇಕು. ಇಂಥ ಮನೆಯವರಿಗೆ ಡಾಕ್ಟರಮ್ಮ ಹೇಳಿದ್ದರು: "ಮನೇಲಿ ತೂಕದ ಯಂತ್ರ ಇಟ್ಕೋಬೇಡಿ."

"ಮೀನಿಗೆ ನೀರು ಬಿಟ್ಟು ಬಾ ಅಂದ ಹಾಗಾಯ್ತು," ಎಂದು ಇವರು ದಾರಿಯುದ್ದಕ್ಕೂ ಗೊಣಗಿದರು. ಮಗಳು ನಗಲಿಲ್ಲ.

ಕಾಲೇಜಿಗೆ ಸೇರಿದಾಗಿನಿಂದ ಅವಳು ಊಟ ಬಿಡುತ್ತ ಬಂದಿದ್ದಳು. ಮೊದಲು ಹಟ ಅಂದುಕೊಂಡೆವು, ಆಮೇಲೆ ಷೋಕಿ ಅಂದುಕೊಂಡೆವು. ಇದು ಕಾಯಿಲೆ, ಅವಳು ಬೇಕೆಂದು ಮಾಡುತ್ತಿಲ್ಲ, ನೀವು ತಂದದ್ದೂ ಅಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವರ ಕ್ಲಿನಿಕ್ಕಿನಲ್ಲಿ ಅವಳನ್ನು ಯಂತ್ರಕ್ಕೆ ಬೆನ್ನು ಮಾಡಿಸಿ ತೂಗುತ್ತಾರೆ, ಎಷ್ಟೆಂದು ಹೇಳುವುದಿಲ್ಲ. ನಾವು ಹೊತ್ತಿಗೆ ಸರಿಯಾಗಿ ಅವಳ ಜೊತೆ ಕೂತು ಉಣ್ಣಬೇಕು, ಅವಳ ಊಟ ಮುಗಿಯುವ ತನಕ ಏಳಬಾರದು, ಮೈಕಟ್ಟಿನ ಮಾತು ಎತ್ತಬಾರದು. ಮನೆಯಲ್ಲಿ ಊಟ ನಡೆಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.

ಆ ಮಾತು ನನ್ನನ್ನು ನಿಂತಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಬಿಸಿ ಹಾಸುಬಟ್ಟೆ ಮಡಚುತ್ತ ಮಡಚುತ್ತ ಒಂದೇ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ. "ಏನಕ್ಕಾ, ಅದಕ್ಕೆ ಜೋಗುಳ ಹಾಡ್ತಿದೀಯಾ?" ಎಂದು ಪಕ್ಕದವಳು ರೇಗಿಸಿದರೂ ಕೈ ಸುಮ್ಮನಿರುತ್ತಿರಲಿಲ್ಲ.

ಇವರು ಮಾತ್ರ ಈ ವಾರ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದರು. ಯಂತ್ರಗಳನ್ನು ಬೇರೆ ಕಡೆ ಸಾಗಿಸಿ ಎಂದರೆ, "ಅದಕ್ಕೊಂದು ದಾರಿ ಮಾಡಿದೀನಿ, ಬಿಡೆ," ಎನ್ನುತ್ತಿದ್ದರು. ಮಗಳ ತಟ್ಟೆಯೂ ಖಾಲಿಯಾಗುತ್ತಿತ್ತು. ನಂಬಲು ಭಯ, ನಂಬದಿರಲು ಇನ್ನೂ ಭಯ.

ಇವತ್ತು ಸಂಜೆ ಬಾಗಿಲು ತೆಗೆದಾಗ ಮಗಳು ಅಂಗಡಿಯಲ್ಲಿ ಮಂಡಿಯೂರಿದ್ದಳು. ಆಳೆತ್ತರದ ಯಂತ್ರದ ಮೇಲೆ ತೂಕದ ಬಟ್ಟುಗಳನ್ನು ಒಂದೊಂದಾಗಿ ಪೇರಿಸುತ್ತಿದ್ದಳು. ಯಂತ್ರ ಸರಿಯಿದೆಯೇ ಎಂದು ನೋಡುವ ಈ ಕ್ರಮವನ್ನು ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ್ದರು.

"ಅಮ್ಮಾ, ಇದು ಸುಳ್ಳು ಹೇಳ್ತಿದೆ."

ಹಿಂದೆಯೇ ಬಂದ ಇವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮುಖ ನೋಡಿದರೆ ಸಾಕಿತ್ತು, ಇದು ಇವರದೇ ಕೆಲಸ. ಖಾಲಿ ಇದ್ದಾಗ ಮುಳ್ಳು ಸೊನ್ನೆಯಲ್ಲೇ ಇರುವಂತೆ, ಮೇಲೆ ಹತ್ತಿದರೆ ಮಾತ್ರ ಕಡಿಮೆ ತೋರಿಸುವಂತೆ ಒಳಗಿನ ತಿರುಪು ತಿರುಗಿಸಿದ್ದರು.

"ಕಮ್ಮಿ ಕಂಡರೆ ಸಮಾಧಾನ ಆಗಿ ತಿಂತೀಯ ಅಂತ ಮರಿ... ತಿಂದೆಯಲ್ಲ?"

"ಎರಡು ದಿನ ತಿಂದೆ. ಆಮೇಲೆ ತಿಂದ ಹಾಗೆ ಮಾಡಿದೆ." ಅವಳು ಕೈಯಲ್ಲಿದ್ದ ಬಟ್ಟನ್ನು ಕೆಳಗಿಟ್ಟಳು. "ಕಮ್ಮಿ ಕಂಡರೆ ಸಾಕು ಅನ್ಸಲ್ಲ ಅಪ್ಪ. ಇನ್ನೂ ಕಮ್ಮಿ ಬೇಕು ಅನ್ಸುತ್ತೆ. ಅದಕ್ಕೆ ಕೊನೆನೇ ಇಲ್ಲ. ತರಕಾರಿಯವನ ತಕ್ಕಡಿಗೆ ಹೀಗೆ ಮಾಡ್ತಿದ್ಯಾ ನೀನು?"

"ಕೈ ಕಡಿದ್ರೂ ಮಾಡಲ್ಲ."

"ನಂಗೆ ಮಾಡಿದೆ."

ಇವರು ಸ್ಟೂಲಿನ ಮೇಲೆ ಕುಸಿದರು. ನನಗೆ ಇಬ್ಬರಿಗೂ ಬೈಯಬೇಕೆನ್ನಿಸಿತು, ಇಬ್ಬರನ್ನೂ ತಬ್ಬಿಕೊಳ್ಳಬೇಕೆನ್ನಿಸಿತು. ಯಾವುದನ್ನೂ ಮಾಡದೆ ಎದುರುಗಡೆಯ ಸೈಕಲ್ ಅಂಗಡಿಯವನ ಹತ್ತಿರ ಓಡಿ ಅವನ ಕೈಗಾಡಿ ಕೇಳಿ ತಂದೆ. ಯಂತ್ರಗಳನ್ನಿಡಲು ಅವನ ಅಂಗಡಿಯ ಹಿಂದಿನ ಕೋಣೆ ಖಾಲಿಯಿತ್ತು. "ಇವತ್ತೇನಾ ಅಕ್ಕಾ?" ಎಂದ. "ಈಗಲೇ," ಎಂದೆ.

ಇವರು ತಲೆ ಎತ್ತದೆ ಒಂದೊಂದನ್ನೇ ಹೊತ್ತು ಗಾಡಿಗೆ ಹಾಕಿದರು. ಕೊನೆಗೆ ಉಳಿದದ್ದು ಆ ಆಳೆತ್ತರದ್ದು. ಮಗಳು ಅದರ ಕಂಬ ಹಿಡಿದು ನಿಂತಳು.

"ಇದೊಂದು ಇರಲಿ. ಸರಿ ಮಾಡಿಕೊಟ್ಟು ಇಲ್ಲೇ ಬಿಡಿ. ಅಮ್ಮಾ, ಪ್ಲೀಸ್."

"ಇಲ್ಲ ಕಂದ."

"ನಿಮ್ಮಿಬ್ಬರನ್ನೂ ಕಂಡ್ರೆ ಆಗಲ್ಲ ನಂಗೆ!"

"ಆಗದಿದ್ರೆ ಬೇಡ. ನಾವೆಲ್ಲೂ ಹೋಗಲ್ಲ," ಎಂದೆ. ಅವಳ ಬೆರಳುಗಳು ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ನಾವು ಬಿಡಿಸಲಿಲ್ಲ, ಕಾದೆವು.

ಊಟದ ಹೊತ್ತು ಮೀರಿತ್ತು. ಮೂರು ತಟ್ಟೆ ಇಟ್ಟೆ. ಅವಳು ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಖಾಲಿಯಾದ ಅಂಗಡಿಯಲ್ಲಿ ಅವಳು ಗೋಡೆಯಿಂದ ಗೋಡೆಗೆ ಓಡಾಡುವ ಸದ್ದು ಕೇಳುತ್ತಿತ್ತು. ಅವಳನ್ನು ಕರೆಯಲು ಬಾಯಿ ತೆರೆದ ಇವರ ಕೈಯನ್ನು ಮೇಜಿನ ಕೆಳಗೆ ಒತ್ತಿದೆ.

ಬಂದಳು. ಕೂತಳು. ಕಾಲು ಅಲುಗಿಸುತ್ತಲೇ ಇದ್ದಳು, ಚಮಚ ತಟ್ಟೆಗೆ ಟಕಟಕ ತಾಗುತ್ತಿತ್ತು. ನಾನು ಬಾಯಿಗೆ ಬಂದದ್ದು ಹೇಳತೊಡಗಿದೆ. ಲಾಂಡ್ರಿಯ ಮೇಲ್ವಿಚಾರಕ ತನ್ನ ಕನ್ನಡಕವನ್ನೂ ಒಗೆಯಲು ಹಾಕಿ ಇಡೀ ದಿನ ನಮ್ಮನ್ನೆಲ್ಲ ಅನುಮಾನದಿಂದ ನೋಡಿದ ಕಥೆ.

"ಕನ್ನಡಕ ಇಲ್ದೆ ಹೇಗೆ ನೋಡಿದ?" ಎಂದಳು. ಒಂದು ತುತ್ತು ಬಾಯಿಗೆ ಹೋಯಿತು. ನುಂಗುವಾಗ ಕಣ್ಣಲ್ಲಿ ನೀರಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪನ ಕಡೆ ನೋಡದೆಯೇ ಕೇಳಿದಳು: "ಆ ಯಂತ್ರ ಹಾಗೇ ಹೋಯ್ತಾ? ತಿರುಪು ಸರಿ ಮಾಡಿದ್ಯಾ?"

"ಇಲ್ಲ ಮರಿ."

"ಯಾರಾದ್ರೂ ನಂಬಿ ಹತ್ತಿಬಿಡ್ತಾರೆ."

ಇವರು ತಟಕ್ಕನೆ ಎದ್ದರು. ಕುರ್ಚಿ ಹಿಂದಕ್ಕೆ ಜರುಗಿತು.

"ಈಗಲ್ಲ," ಎಂದಳು. ತಟ್ಟೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ಹೆದರಿಕೆಯಿಂದಲೇ ನೋಡಿ ಚಮಚ ಎತ್ತಿಕೊಂಡಳು. "ಕೂತ್ಕೋ ಅಪ್ಪ. ನನ್ನ ಊಟ ಮುಗೀಲಿ."