ಎಡಗೈ ಮಾತ್ರ

ನೊರ್ಮಾನ್ ತಿಬೋನ ಬಲಗೈ ಮುರಿದಿದೆ ಎಂಬುದು ಸೇಂತ್-ಓಡಿಲ್ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಕೋಚ್ ಫೆರ್ನಾನ್‌ಗೆ ಹೇಳುವ ಮಾತಂತೂ ಇರಲೇ ಇಲ್ಲ. ಹೋದ ವಾರ ಯಾರದೋ ಹೆಲ್ಮೆಟ್ಟಿಗೆ ಬಡಿದು ಕಿರುಬೆರಳ ಬುಡದ ಎಲುಬು ಮುರಿದಿತ್ತು. ಇದನ್ನು ನಂಬಿ ಹೇಳಿಕೊಳ್ಳಬಹುದಾದ ಮನುಷ್ಯ ಇಡೀ ಕ್ವಿಬೆಕ್ ಪ್ರಾಂತ್ಯದಲ್ಲಿ ಒಬ್ಬನೇ ಇದ್ದ. ಅವನೇ ಗಾಯ್ತಾನ್ ಲಕಾಸ್, ಎದುರು ತಂಡದ ಪರವಾಗಿ ಈ ಭಾನುವಾರ ಮಧ್ಯಾಹ್ನ ನೊರ್ಮಾನ್‌ನ ಮುಖಕ್ಕೆ ಗುದ್ದಲು ಬರುತ್ತಿದ್ದವನು.

ನಗಬೇಡಿ. ಐಸ್ ಹಾಕಿಯಲ್ಲಿ ಹೊಡೆದಾಟಕ್ಕೆಂದೇ ಇಟ್ಟುಕೊಂಡ ಆಳುಗಳ ಮರ್ಯಾದೆ ಹಾಗೇ ಇರುತ್ತದೆ. ಗೋಲು ಹೊಡೆಯುವ ಹುಡುಗರ ತಂಟೆಗೆ ಯಾರಾದರೂ ಬಂದರೆ ಅವರ ಸೊಕ್ಕು ಇಳಿಸುವುದು ಇವರ ಕೆಲಸ. ಹದಿನಾಲ್ಕು ವರ್ಷದಿಂದ ನೊರ್ಮಾನ್ ಮಾಡಿಕೊಂಡು ಬಂದದ್ದು ಅದೊಂದನ್ನೇ. ಸ್ಕೇಟ್ ಮೇಲೆ ಅವನು ತಿರುಗುವುದು ಮರದ ದಿಮ್ಮಿ ತುಂಬಿದ ಲಾರಿ ತಿರುಗಿದ ಹಾಗೆ. ಹೊಡೆದ ಗೋಲು ಮೂರೋ ನಾಲ್ಕೋ, ಅದರಲ್ಲೊಂದು ಅವನ ಬೆನ್ನಿಗೆ ತಾಗಿ ತಾನಾಗಿಯೇ ಒಳಗೆ ಹೋದದ್ದು. ಆದರೂ ಊರಿನಲ್ಲಿ ಪುಟೀನ್ ಎಂಬ ಆಲೂಗಡ್ಡೆ ತಿಂಡಿ ಮಾರುವ ಅಂಗಡಿಯವನು ಅವನ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ. ಕಾಗದದ ಕಾರ್ಖಾನೆಯ ಮೇಸ್ತ್ರಿ ಕೂಡ ಅವನೆದುರು ದನಿ ಏರಿಸುತ್ತಿರಲಿಲ್ಲ. ಈ ಗೌರವ ಅವನಿಗೆ ಜೀವಕ್ಕಿಂತ ಹೆಚ್ಚಾಗಿತ್ತು. ಅದಿಲ್ಲದೆ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆಂದೇ ಅವನಿಗೆ ತಿಳಿಯದು.

ಈಗ ವಯಸ್ಸು ಮೂವತ್ತಾರು. ಬೆಳಿಗ್ಗೆಯೇ ಫೆರ್ನಾನ್ ಅವನನ್ನು ಪಕ್ಕಕ್ಕೆ ಕರೆದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ:

"ನೋಡು, ಟೂರ್ನಿಯ ಕೊನೇ ಸುತ್ತಿಗೆ ನಂಗೆ ಒಬ್ಬನೇ ಪೈಲ್ವಾನ್ ಸಾಕು. ಆ ಲಕಾಸ್‌ನ ಮಲಗಿಸು, ಜಾಗ ನಿಂದು. ಆಗಲ್ಲ ಅಂದ್ರೆ ನಾಳೆಯಿಂದ ಬರೋದೇ ಬೇಡ."

ಆಟಕ್ಕೆ ಮುಂಚೆ ಎರಡೂ ತಂಡದವರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ, ನಡುಗೆರೆಯ ಆಚೆಗೆ ಗಾಯ್ತಾನ್, ಈಚೆಗೆ ನೊರ್ಮಾನ್ ಮಂಡಿಯೂರಿ ತೊಡೆ ಸಡಿಲಿಸತೊಡಗಿದರು.

"ಏನೋ ಮುದುಕಾ, ಇನ್ನೂ ಸತ್ತಿಲ್ವಾ?" ಎಂದ ಗಾಯ್ತಾನ್.

"ನಿನ್ನ ಮಣ್ಣು ಮಾಡಿ ಆಮೇಲೆ ಸಾಯ್ತೀನಿ. ಮಗಳು ಹೇಗಿದಾಳೆ?"

"ಹಲ್ಲು ಸೊಟ್ಟ ಇದೆ, ತಂತಿ ಹಾಕಿಸ್ಬೇಕಂತೆ. ಡಾಕ್ಟರು ನನ್ನ ಹಲ್ಲಿಲ್ಲದ ಬಾಯಿ ನೋಡಿ ನಗು ತಡಿಯಕ್ಕಾಗ್ದೆ ಆಚೆ ಹೋದ."

ನೊರ್ಮಾನ್ ನಕ್ಕ. ಆಮೇಲೆ ತಲೆ ತಗ್ಗಿಸಿಕೊಂಡೇ, "ಬಲಗೈ ಹೋಗಿದೆ ಕಣೋ," ಎಂದ.

ಗಾಯ್ತಾನ್ ಆ ಕೈಯ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ನೋಡಿದರೆ ಬೆಂಚಿನ ಮೇಲಿದ್ದವರಿಗೆ ಅನುಮಾನ ಬರುತ್ತದೆ.

"ಮುರಿದಿದ್ಯಾ? ಫೆರ್ನಾನ್‌ಗೆ ಗೊತ್ತಾ?"

"ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತಾನೆ."

ಗಾಯ್ತಾನ್ ಮಂಡಿ ಬದಲಿಸಿ ಇನ್ನೊಂದು ತೊಡೆ ಸಡಿಲಿಸತೊಡಗಿದ. "ಸರಿ. ಇಬ್ರೂ ಎಡಗೈ ಮಾತ್ರ."

"ನಿಂಗೆ ಪರವಾಗಿಲ್ವಾ?"

"ಹೋಗೋ, ನಿನ್ನ ಎಡಗೈಗೆ ನಮ್ಮಜ್ಜಿ ಕೂಡ ಹೆದರಲ್ಲ."

ಎರಡನೆಯ ಅವಧಿಯಲ್ಲಿ ಫೆರ್ನಾನ್ ನೊರ್ಮಾನ್‌ನ ಭುಜ ತಟ್ಟಿದ. ಇಬ್ಬರೂ ಅಂಗಳಕ್ಕಿಳಿದು ಗ್ಲೌಸ್ ಬಿಸಾಡಿದ್ದೇ ತಡ, ಜನ ಕುರ್ಚಿ ಬಿಟ್ಟು ಎದ್ದರು. ನೊರ್ಮಾನ್ ನೋವು ನುಂಗಿಕೊಂಡು ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲೇ ಎದುರಾಳಿಯ ಅಂಗಿ ಹಿಡಿದು ಎಡಗೈ ಬೀಸಿದ. ಏಟು ಗಾಯ್ತಾನ್‌ನ ಬಲಹುಬ್ಬಿಗೆ ಬಿತ್ತು, ಚರ್ಮ ಒಡೆಯಿತು. ಗಾಯ್ತಾನ್ ಮಾತಿಗೆ ತಕ್ಕಂತೆ ಎಡಗೈಯನ್ನೇ ಬೀಸಿದ. ಅದು ನೊರ್ಮಾನ್‌ನ ಕಿವಿಯಿಂದ ಗೇಣು ದೂರ ಗಾಳಿಗೆ ಹೋಯಿತು. ಮತ್ತೊಂದೂ ಹಾಗೆಯೇ. ಇಷ್ಟು ವರ್ಷದಲ್ಲಿ ಗಾಯ್ತಾನ್‌ನ ಗುರಿ ಹೀಗೆ ತಪ್ಪಿದ್ದನ್ನು ನೊರ್ಮಾನ್ ಕಂಡಿರಲಿಲ್ಲ.

ಇನ್ನೊಂದು ಏಟಿನಲ್ಲಿ ಮುಗಿದುಹೋಗುತ್ತಿತ್ತು. ಅವನು ಎಡಗೈ ಎತ್ತಿದ. ಗಾಯ್ತಾನ್ ತಟ್ಟನೆ ಅವನನ್ನು ತಬ್ಬಿ ಕಿವಿಗೆ ಬಾಯಿಟ್ಟ.

"ಆ ಕಣ್ಣಿಗೆ ಬೇಡ್ವೋ. ಇನ್ನೊಂದು ಕಾಣಲ್ಲ. ಡಿಸೆಂಬರಿಂದ."

"ಮೊದ್ಲೇ ಯಾಕೆ ಬೊಗಳ್ಲಿಲ್ಲ, ಕತ್ತೆ?"

"ಕೈ ಆದ್ರೆ ಕೂಡ್ಕೊಳ್ಳತ್ತೆ. ಕಣ್ಣು ಅಂತ ಹೇಳಿದ್ರೆ ನನ್ನ ಕತೆ ಅಲ್ಲಿಗೆ ಮುಗೀತು."

ಇಬ್ಬರೂ ಬಿಡಿಸಿಕೊಂಡರು. ನೊರ್ಮಾನ್‌ನ ಎಡಮುಷ್ಟಿ ಇನ್ನೂ ಮೇಲೆಯೇ ಇತ್ತು. ಅವನಿಗೆ ಉಳಿದದ್ದು ಒಂದು ಕೈ, ಗಾಯ್ತಾನ್‌ಗೆ ಒಂದು ಕಣ್ಣು. ಆ ಕೈ ಹೋಗಿ ತಾಗುವ ಜಾಗದಲ್ಲೇ ಆ ಕಣ್ಣಿತ್ತು. ಹುಬ್ಬಿನ ರಕ್ತದ ಕೆಳಗೆ ಅದು ಪಿಳಿಪಿಳಿ ಮಾಡುತ್ತ ಇವನನ್ನೇ ನೋಡುತ್ತಿತ್ತು. ಇನ್ನೊಂದು ಎತ್ತಲೋ ನೋಡುತ್ತಿತ್ತು. ನೊರ್ಮಾನ್‌ನ ಮುಷ್ಟಿ ತಾನಾಗಿ ಕೆಳಗೆ ಬಂತು. ಗಾಯ್ತಾನ್ ತಳ್ಳಿದ ಕೂಡಲೇ ಅವನು ಮಂಡಿ ಸಡಿಲಬಿಟ್ಟು ಅಂಗಾತ ಬಿದ್ದುಕೊಂಡ. ರೆಫರಿಗಳು ಬಂದು ಬಿಡಿಸಿದರು.

ಊರಿನ ಜನ ಛೀ ಥೂ ಎಂದು ಕೂಗಿದರು. ಎದುರು ತಂಡದವನಿಗಲ್ಲ, ತಮ್ಮ ನೊರ್ಮಾನ್‌ಗೇ. ಪುಟೀನ್ ಅಂಗಡಿಯವನು ಮೊದಲ ಸಾಲಿನಲ್ಲೇ ನಿಂತು ಕೂಗುತ್ತಿದ್ದ.

ವಿರಾಮದಲ್ಲಿ ಫೆರ್ನಾನ್ ಬಟ್ಟೆ ಬದಲಿಸುವ ಕೋಣೆಗೆ ಬಂದು ಬಾಗಿಲು ದೂಡಿದ. ಆಟಗಾರರೆಲ್ಲ ತಮ್ಮ ತಮ್ಮ ಸ್ಕೇಟ್ ನೋಡುತ್ತ ಕೂತರು.

"ಕೈ ಎತ್ತಿದ್ದೆ. ಅವನು ಎದುರಿಗೇ ಇದ್ದ, ಕೈ ಅಡ್ಡ ಕೂಡ ಹಿಡಿದಿರಲಿಲ್ಲ. ಯಾಕೆ ಹೊಡೀಲಿಲ್ಲ?"

ಬಲಗೈ ತೋರಿಸಬಹುದಿತ್ತು. ಆದರೆ ಹೊಡೆಯದೆ ನಿಂತದ್ದು ಎಡಗೈ, ಅದಕ್ಕೇನೂ ಆಗಿರಲಿಲ್ಲ. ನಿಜ ಹೇಳಿದರೆ ಮೂರನೆಯ ಅವಧಿಯಲ್ಲಿ ಫೆರ್ನಾನ್ ಇನ್ನೊಬ್ಬನನ್ನು ಗಾಯ್ತಾನ್‌ನ ಕುರುಡು ಪಕ್ಕದಿಂದಲೇ ನುಗ್ಗಿಸುತ್ತಾನೆ. ಅವನು ಅಂಥ ಕೆಟ್ಟವನೇನಲ್ಲ, ಅವನ ಕೆಲಸವೇ ಅದು.

"ಕೇಳ್ತಿರೋದು ನಿನ್ನನ್ನೇ. ಬಾಯಲ್ಲಿ ಏನಿಟ್ಕೊಂಡಿದೀಯ?"

"ಹೆದರಿಕೆ ಆಯ್ತು, ಕೋಚ್," ಎಂದ ನೊರ್ಮಾನ್.

ಹೊಡೆದಾಟದ ಆಳಿನ ಬಾಯಿಂದ ಆ ಮಾತು ಬರುವುದನ್ನು ಅಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದವನು, ಇವನು ಎಷ್ಟೋ ಸಲ ಏಟು ತಿಂದು ಕಾಪಾಡಿದ ಹುಡುಗನೇ, ತನ್ನ ಚೀಲವನ್ನು ಮೆಲ್ಲಗೆ ಆಚೆ ಎಳೆದುಕೊಂಡ. ಫೆರ್ನಾನ್ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು.

"ಅಂಗಿ ಬಿಚ್ಚಿಟ್ಟು ಹೋಗಪ್ಪಾ," ಎಂದ, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ.

ನೊರ್ಮಾನ್ ಬಿಚ್ಚಿದ. ಆಡಿದ್ದು ಸುಳ್ಳೇನೂ ಅಲ್ಲ. ಹುಟ್ಟಿದ ಮೇಲೆ ಅಷ್ಟು ಹೆದರಿದ್ದು ಅದೇ ಮೊದಲು. ಆದರೆ ಅದು ತನಗಾಗಿ ಹೆದರಿದ್ದಲ್ಲ ಎಂದು ಈ ಊರಿನಲ್ಲಿ ಒಬ್ಬರಿಗೂ ಅವನು ಹೇಳುವ ಹಾಗಿರಲಿಲ್ಲ.